ಇಳಿಯದ ಎಂಟು ಕಿಲೋ

ಹೋದ ವರ್ಷ ಯುಗಾದಿ ಕಳೆದ ಮೇಲೆ ಮೈಸೂರಿನ ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, "ಎಂಟು ಕಿಲೋ ಇಳಿಸಿಕೊಂಡು ಬನ್ನಿ, ಆಮೇಲೆ ಆಪರೇಷನ್ ಮಾತು" ಎಂದರು. ನನ್ನ ಹೆಂಡತಿ ಭಾಗ್ಯಳ ಎರಡೂ ಕಿಡ್ನಿ ಕೆಟ್ಟಿದ್ದವು. ನನ್ನದು ಅವಳಿಗೆ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಆದರೆ ನಾನು ಎಂಬತ್ತೆಂಟು ಕಿಲೋ ಇದ್ದೆ. ಈ ತೂಕದಲ್ಲಿ ಒಂದು ಕಿಡ್ನಿ ತೆಗೆದರೆ ಮುಂದೆ ನನಗೇ ತೊಂದರೆ ಎಂದರು.

ನಾನು ಗುಂಡ್ಲುಪೇಟೆ–ಚಾಮರಾಜನಗರ ಬಸ್ಸಿನ ಕಂಡಕ್ಟರ್. ಆ ವಾರವೇ ಕೈಗೆ ಕಟ್ಟುವ ಫಿಟ್ನೆಸ್ ಬ್ಯಾಂಡ್ ತಂದೆ. ಮೊಬೈಲಿಗೆ ಕ್ಯಾಲೊರಿ ಲೆಕ್ಕದ ಆ್ಯಪ್ ಹಾಕಿಕೊಂಡು ಎರಡನ್ನೂ ಜೋಡಿಸಿದೆ. ತಿಂದದ್ದನ್ನು ಬರೆದರೆ ಇವತ್ತು ಇನ್ನೆಷ್ಟು ತಿನ್ನಬಹುದು ಎಂದು ಅದು ತೋರಿಸುತ್ತಿತ್ತು. ನಡೆದಷ್ಟೂ ಆ ಪಾಲು ಹೆಚ್ಚುತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಕೇರಳ ರಸ್ತೆಯಲ್ಲಿ ಒಂದು ಗಂಟೆ ನಡೆಯುತ್ತಿದ್ದೆ. ಬಂದು ಅದನ್ನೂ ತಪ್ಪದೆ ಬರೆಯುತ್ತಿದ್ದೆ.

ಸಂಜೆ ಮನೆಗೆ ಬಂದು ನೋಡಿದರೆ ಇನ್ನೂ ಆರುನೂರು ಕ್ಯಾಲೊರಿ ಬಾಕಿ. ಹೊಟ್ಟೆಯೂ ಹಸಿದಿರುತ್ತಿತ್ತು. ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದೆ. ಉಪ್ಪು ಕಡಿಮೆ ಮಾಡಿ, ನೀರನ್ನೂ ಅಳೆದು ಕುಡಿಯುತ್ತಿದ್ದ ಭಾಗ್ಯ ಎದುರಿಗೆ ಕೂತು ನೋಡುತ್ತಿದ್ದಳು.

ಒಂದೂವರೆ ತಿಂಗಳಿಗೆ ಮತ್ತೆ ಮೈಸೂರಿಗೆ ಹೋದೆವು. ತೂಕ ಎಂಬತ್ತೊಂಬತ್ತು! ಡಾಕ್ಟರು ಬೈಯಲಿಲ್ಲ, "ಮುಂದಿನ ತಿಂಗಳು ನೋಡೋಣ" ಎಂದರು ಅಷ್ಟೆ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಭಾಗ್ಯ ಅಂದಳು, "ನಿಮ್ಗೆ ಇಷ್ಟ ಇಲ್ದಿದ್ರೆ ಯೋಳ್ಬುಡಿ. ನಾನೇನೂ ಅನ್ಕೊಳಲ್ಲ. ಡಾಕ್ಟ್ರಿಗೆ ನಾನೇ ಯೋಳ್ತೀನಿ."

ನನಗೆ ಸಿಟ್ಟು ಬಂತು. "ಬೆಳಗಾನೆದ್ದು ನಡಿತಿರೋದು ಯಾರಿಗೋಸ್ಕರ?" ಎಂದು ಕೂಗಾಡಿದೆ. ಅವಳು ಒಳಗೆ ಹೋದಳು.

ಮಾರನೆಯ ದಿನ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ತೆರಕಣಾಂಬಿಯಲ್ಲಿ ಇಳಿಯಬೇಕಾದವರನ್ನು ಮುಂದಕ್ಕೆ ಕರೆದುಕೊಂಡು ಹೋಗಿ ಬೈಸಿಕೊಂಡೆ. ನಿಮಿಷಕ್ಕೊಮ್ಮೆ ಬ್ಯಾಂಡನ್ನು ನೋಡಿ ನೋಡಿ, ತಿರುಗಿಸಿ ತಿರುಗಿಸಿ ಅದರ ಪಟ್ಟಿಯೇ ಕಿತ್ತುಬಂತು. ಗುಂಡ್ಲುಪೇಟೆಯಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಲ್ಲುತ್ತದೆ. ನಿಲ್ದಾಣದ ಹತ್ತಿರವೇ ಇರುವ ವಾಚ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಅಯೂಬ್ ಭಾಯ್ ಈಗ ಬ್ಯಾಂಡುಗಳನ್ನೂ ಮಾರುತ್ತಾರೆ.

ಪಟ್ಟಿ ಹಾಕುತ್ತಾ ಅವರು, "ತೂಕ ಇಳೀತಾ ಕಂಡಕ್ಟ್ರೇ?" ಎಂದರು. ಯಾರಿಗೂ ಹೇಳದಿದ್ದನ್ನೆಲ್ಲ ಅವರಿಗೆ ಹೇಳಿಬಿಟ್ಟೆ.

ಅವರು ಬ್ಯಾಂಡನ್ನು ತಮ್ಮ ಕೈಗೆ ಕಟ್ಟಿಕೊಂಡು, ಟಿಕೆಟ್ ಹರಿದು ಕೊಡುವವರ ಹಾಗೆ ಕೈ ಆಡಿಸಿದರು. ಕೂತಲ್ಲೇ ಮೂವತ್ತು ಹೆಜ್ಜೆ ಬಿತ್ತು. "ಇದು ಕಾಲು ನೋಡಲ್ಲ, ಕೈ ನೋಡ್ತದೆ" ಎಂದರು. ಆಮೇಲೆ ನನ್ನ ಫೋನ್ ಇಸಿದುಕೊಂಡರು. "ಶುರುವಲ್ಲಿ ನಿಮ್ಮ ಕೆಲ್ಸ ಏನಂತ ಹಾಕಿದ್ರಿ?"

"ಯಾವಾಗ್ಲೂ ಓಡಾಡೋ ಕೆಲ್ಸ ಅಂತ."

"ಹಾಂ. ಅಂದ್ರೆ ಓಡಾಟದ ಊಟ ಮೊದ್ಲೇ ಸೇರ್ಸಿ ಕೊಟ್ಟದೆ. ಅದಕ್ಕಿಂತ ಜಾಸ್ತಿ ಓಡಾಡಿದೀರಿ ಅಂತ ಬ್ಯಾಂಡು ತೋರ್ಸಿದ್ರೆ, ಜಾಸ್ತಿ ಇರೋದನ್ನ ಮತ್ತೆ ಕೂಡಿಸ್ತದೆ. ಬಸ್ ಕುಲುಕಿದ್ದೂ ಅದ್ರಲ್ಲಿ ಬಂತು. ಮೇಲೆ ಬೆಳಗಿನ ನಡಿಗೆ ನೀವೇ ಕೈಯಾರೆ ಬರೀತೀರಿ. ಒಂದೇ ನಡಿಗೆಗೆ ಎಷ್ಟು ಸಲ ಉಣ್ತೀರಿ ಸ್ವಾಮಿ?"

ಅವರೇ ಆ್ಯಪಿನಲ್ಲಿ ನನ್ನ ಕೆಲಸವನ್ನು 'ಕೂತು ಮಾಡುವ ಕೆಲಸ' ಎಂದು ಬದಲಾಯಿಸಿದರು. ಕೈಯಲ್ಲಿ ಬರೆಯುವುದನ್ನು ನಿಲ್ಲಿಸಲು ಹೇಳಿದರು. "ಬ್ಯಾಂಡು ಕೂಡಿಸಿದ್ದು ಅಂದಾಜು. ಅದನ್ನೆಲ್ಲ ಉಣ್ಬೇಡಿ" ಎಂದರು. ಪಟ್ಟಿಗೆ ಮಾತ್ರ ದುಡ್ಡು ತೆಗೆದುಕೊಂಡರು.

ಅವತ್ತು ಭಾಗ್ಯಳ ಡಯಾಲಿಸಿಸ್ ದಿನ. ಚಾಮರಾಜನಗರದಿಂದ ಮಧ್ಯಾಹ್ನದ ಟ್ರಿಪ್ಪಿಗೆ ಅವಳು ನನ್ನ ಬಸ್ಸನ್ನೇ ಹತ್ತಿ, ಡ್ರೈವರ್ ಹಿಂದಿನ ಸೀಟಿನಲ್ಲಿ ತಲೆ ಒರಗಿಸಿ ಕೂತಿದ್ದಳು. ಬಸ್ಸಿನ ತುಂಬ ಜನ. ನಾನು ಬಗ್ಗಿ ಫೋನ್ ತೋರಿಸಿ, ಅಯೂಬ್ ಭಾಯ್ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಕಣ್ಣು ತೆರೆದು ಕೇಳಿಸಿಕೊಂಡಳು. "ಮೊದ್ಲು ಟಿಕೆಟ್ ಕೊಡಿ, ಜನ ಕಾಯ್ತಾವ್ರೆ" ಎಂದಳು. ಆದರೆ ಅವತ್ತು ಸಂಜೆ ನನ್ನ ತಟ್ಟೆಗೆ ಬಿದ್ದದ್ದು ಒಂದೇ ಮುದ್ದೆ. ಎರಡನೆಯದನ್ನು ನಾನೂ ಕೇಳಲಿಲ್ಲ.

ಐದು ತಿಂಗಳಲ್ಲಿ ತೂಕ ಎಂಬತ್ತಕ್ಕೆ ಇಳಿಯಿತು. ಚಳಿಗಾಲದಲ್ಲಿ ಆಪರೇಷನ್ ಆಯಿತು. ಇಬ್ಬರೂ ಚೆನ್ನಾಗಿದ್ದೇವೆ. ಭಾಗ್ಯ ಈಗ ಚೊಂಬಿನಲ್ಲಿ ನೀರು ಕುಡಿಯುತ್ತಾಳೆ. ನಾನು ಮತ್ತೆ ಡ್ಯೂಟಿಗೆ ಹೋಗುತ್ತಿದ್ದೇನೆ.

ಕೇಳಿದವರಿಗೆಲ್ಲ ಆ್ಯಪಿನ ಲೆಕ್ಕ ತಿಳಿಯದೆ ಆದ ತಪ್ಪು ಎಂದೇ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳಲ್ಲ. ಆದರೆ ಎಂಬತ್ತೊಂಬತ್ತು ಎಂದು ತೋರಿಸಿದ ದಿನ ಯಂತ್ರದಿಂದ ಇಳಿಯುವಾಗ, ಇನ್ನೊಂದು ತಿಂಗಳು ನನ್ನ ಹೊಟ್ಟೆ ಕೊಯ್ಯುವುದಿಲ್ಲವಲ್ಲ ಎಂದು ಒಳಗೊಳಗೇ ಹಗುರಾಗಿತ್ತು. ಭಾಗ್ಯ ಅವತ್ತು ಕೇಳಿದಾಗ ನಾನು ಅಷ್ಟು ಜೋರಾಗಿ ಕೂಗಾಡಿದ್ದು ಅದಕ್ಕೇ. ಇದನ್ನು ಕಳಿಸುತ್ತಿರುವ ಪತ್ರಿಕೆ ನಮ್ಮ ಮನೆಗೂ ಬರುತ್ತದೆ, ಅದನ್ನು ಮೊದಲು ಓದುವವಳು ಅವಳೇ. ಗೊತ್ತಿದ್ದೇ ಬರೆದಿದ್ದೇನೆ.