ಸಂತೆಯಲ್ಲಿ ಪಾಠ ಹೇಳಿದ ಮೇಡಮ್

ನಿನ್ನೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಸವಣೂರಿನ ವೀಳ್ಯದೆಲೆಯ ಕಟ್ಟನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಆ ಖಾರದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಡಮ್ ನೆನಪಾದರು. ನನ್ನೆದುರು ಅರ್ಧ ತುಂಬಿದ ಫಾರ್ಮು ಬಿದ್ದಿತ್ತು. ಉದ್ಯಮಶೀಲತೆ ಕಲಿಸಲು ನೀವು ಬಳಸುವ ‘ನವೀನ ಬೋಧನಾ ವಿಧಾನ’ ಯಾವುದೆಂದು ವಿಶ್ವವಿದ್ಯಾಲಯ ಕೇಳಿತ್ತು. ಇಂಥ ಫಾರ್ಮು ತುಂಬಿ ತುಂಬಿ ನನಗೆ ಸಾಕಾಗಿದೆ.

ನಾನು ಎಂ.ಕಾಂ. ಓದುವಾಗ ಇದೇ ವಿಷಯ ಹೇಳಲು ಬಂದವರು ಅವರು. ಸವಣೂರಿನ ಎಲೆ ವ್ಯಾಪಾರಿಯ ಮಗಳು. ಅತಿಥಿ ಉಪನ್ಯಾಸಕಿಯಾದ್ದರಿಂದ ವರ್ಷ ವರ್ಷವೂ ಕೆಲಸ ತೂಗುಯ್ಯಾಲೆಯಲ್ಲಿ. ನೋಟ್ಸ್ ಬರೆಸುತ್ತಿರಲಿಲ್ಲ. ನಮ್ಮನ್ನು ಅಕ್ಕಿಆಲೂರು ಸಂತೆಗೆ ಕರೆದೊಯ್ದು, ಒಬ್ಬೊಬ್ಬರ ಕೈಗೂ ಒಂದೊಂದು ಬುಟ್ಟಿ ಎಲೆ ಕೊಟ್ಟು, “ಮಾರ್ಕೊಂಡ ಬರ್ರಿ” ಎಂದು ತಾವು ಚಹಾದಂಗಡಿಯಲ್ಲಿ ಕೂರುತ್ತಿದ್ದರು...

ನಾನು ಅತಿ ಜಾಣತನ ಮಾಡಿದೆ. ಕಟ್ಟಿನ ಮೇಲೆ ಚಲೋ ಎಲೆ, ಒಳಗೆ ಹರಿದವು. ಕೊಂಡುಹೋದ ಅಜ್ಜಿಯೊಬ್ಬಳು ದಾರಿಯಲ್ಲೇ ಬಿಚ್ಚಿ ನೋಡಿ ತಿರುಗಿ ಬಂದಳು.

“ಏನಪಾ, ಇಷ್ಟ ಓದಿ ಕಲ್ತದ್ದು ಇದನ್ನೇನು?”

ಸುತ್ತಲಿನವರೆಲ್ಲ ನಕ್ಕರು. ಮೇಡಮ್ ನನ್ನ ಪರ ವಹಿಸಲಿಲ್ಲ. “ಆಯಿ ಮನೀತನಕ ಹೋಗಿ ಚಲೋ ಎಲಿ ಕೊಟ್ಟ ಬಾ. ಗಿರಾಕಿ ಬೈದ ಮ್ಯಾಲೆ ನಮ್ಮ ಪಾಠ ಶುರು” ಎಂದರು.

ಹೋದೆ. ಅಜ್ಜಿ ಎಲೆ ತೆಗೆದುಕೊಂಡು, ಕುಡಿಯಲು ನೀರು ಕೊಟ್ಟು, “ಮುಂದಿನ ಸಂತಿಗೆ ನಿನ್ನ ಹತ್ರಾನ ತಗೋತೇನಿ” ಎಂದಳು. ಆ ಮಾತಿನ ಬೆಲೆ ಆಗ ತಿಳಿಯಲಿಲ್ಲ. ನಕ್ಕವರ ಮುಖವಷ್ಟೇ ತಲೆಯಲ್ಲಿ ಕೂತಿತ್ತು.

ಸೆಮಿಸ್ಟರ್ ಮುಗಿಯುವಾಗ, ಮೇಡಮ್ ಸಿಲೆಬಸ್ ಮುಗಿಸಿಲ್ಲ ಎಂದು ಹುಡುಗರು ಅರ್ಜಿ ಬರೆದರು. ಮೊದಲ ಸಹಿ ನನ್ನದು. ಮುಂದಿನ ವರ್ಷಕ್ಕೆ ಅವರು ಬೇಡವೆಂದು ತೀರ್ಮಾನವಾಯಿತು. ಹೊರಟ ದಿನ ಮೆಟ್ಟಿಲ ಬಳಿ ಎದುರಾದರು. “ಸಂತ್ಯಾಗ ಆ ಆಯಿ ನಿನ್ನ ಕೇಳಾಕತ್ತಿದ್ಲು. ಸಂತಿಗೆ ಹೋಗೂದು ಬಿಡಬ್ಯಾಡ” ಎಂದರು. ಅರ್ಜಿಯ ಮಾತೇ ಎತ್ತಲಿಲ್ಲ... ನಾಲ್ಕು ಮಾತು ಬೈದಿದ್ದರೆ ಇವತ್ತು ಇಷ್ಟು ಭಾರ ಇರುತ್ತಿರಲಿಲ್ಲ.

ಎಷ್ಟೋ ವರ್ಷದ ಮೇಲೆ ಸವಣೂರಿಗೆ ಹೋಗಿ ವಿಚಾರಿಸಿದೆ. ಅವರ ತಂದೆಯ ಅಂಗಡಿ ಇರಲಿಲ್ಲ. ಅವರು ಎಲ್ಲಿದ್ದಾರೆಂದು ಹೇಳುವವರೂ ಸಿಗಲಿಲ್ಲ.

ಫಾರ್ಮಿನಲ್ಲಿ ನಾನು ಬರೆದದ್ದು ಸಂತೆಯ ಪಾಠವನ್ನೇ. ನನಗೆ ಬೇರೆ ಯಾವುದೂ ಬರುವುದಿಲ್ಲ. ‘ವಿಧಾನ ರೂಪಿಸಿದವರು’ ಎಂಬಲ್ಲಿ ಪೆನ್ನು ನಿಂತಿತು.

“ನಿಮ್ಮ ಹೆಸರ ಬರದ ಸಹಿ ಮಾಡ್ರಿ ಸರ್, ಈಗ ಕಳಸಬೇಕ್ರಿ” ಎಂದು ಗುಮಾಸ್ತರು ಅವಸರಿಸಿದರು.

ವಾದಿಸುವ ತ್ರಾಣ ಇರಲಿಲ್ಲ. ನನ್ನ ಹೆಸರೇ ಬರೆದೆ. ಮೇಡಮ್ ವಿಷಯದಲ್ಲಿ ಇದು ನನ್ನ ಎರಡನೆಯ ಸಹಿ. ಸಹೋದ್ಯೋಗಿ ಎಲೆಗೆ ಸುಣ್ಣ ಹಚ್ಚಿ ಮುಂದೆ ಹಿಡಿದರು. ನಾನು ಬೇಡವೆಂದೆ.