ಎಪರಾಮ ಬರೆದ ಷರಾ

ದ್ವೀಪನಾಡಿನ ಪಟ್ಟಣ ಸುವಾದ ವಿಶ್ವವಿದ್ಯಾಲಯದ ಜೀವವಿಜ್ಞಾನ ಶಾಲೆ ಹುಟ್ಟಿದಾಗ ಅದಕ್ಕೆ ಇದ್ದದ್ದು ಎರಡು ತಗಡಿನ ಶೆಡ್ಡು, ಒಂದು ದೋಣಿ ಮತ್ತು ಸೀಸೆ ತೊಳೆಯಲು ಎಪರಾಮ. ಮೂವತ್ತೊಂದು ವರ್ಷಗಳಲ್ಲಿ ಅದು ಪ್ರಾಣಿಶಾಸ್ತ್ರ ವಿಭಾಗವಾಗಿ, ಜೀವಶಾಸ್ತ್ರ ವಿಭಾಗವಾಗಿ, ಕೊನೆಗೆ ಮೂರಂತಸ್ತಿನ ಜೀವವಿಜ್ಞಾನ ಶಾಲೆಯಾಗಿ ಬೆಳೆಯಿತು. ಹೆಸರು ಬದಲಾದಾಗಲೆಲ್ಲ ಧ್ಯೇಯವಾಕ್ಯವೂ ಬದಲಾಯಿತು. ಕಡಲ ನೀರನ್ನು ತೊಟ್ಟಿಗೆ ಎತ್ತುವ ಪಂಪು ಮಾತ್ರ ಬದಲಾಗಲಿಲ್ಲ. ಅದರ ಗೊರಕೆಯನ್ನು ಕೇಳಿಯೇ ಕಾಯಿಲೆ ಹೇಳಬಲ್ಲವನು ಎಪರಾಮ ಒಬ್ಬನೇ.

ದಾಖಲೆಗಳ ಪ್ರಕಾರ ಅವನು ಕಿರಿಯ ತಂತ್ರಜ್ಞ. ದೋಣಿ ನಡೆಸುವುದು, ಅದರ ದಿನಚರಿ ಪುಸ್ತಕ ಬರೆಯುವುದು ಅವನ ಕೆಲಸ. ದಾಖಲೆಯಲ್ಲಿ ಇಲ್ಲದ ಕೆಲಸವೊಂದಿತ್ತು. ಯಾವುದೇ ಹಳ್ಳಿಯ ಕಡಲಿಗೆ ವಿದ್ವಾಂಸರು ಇಳಿಯುವ ಮೊದಲು, ಅವನು ಅರೆದು ಕುಡಿಯುವ ಯಂಗೋನ ಬೇರಿನ ಕಟ್ಟನ್ನು ಕಾಣಿಕೆಯಾಗಿ ಹಿಡಿದುಕೊಂಡು ಹೋಗಿ, ಚಾಪೆಯ ಮೇಲೆ ಕೂತು, ಬಂದ ಕಾರಣ ಹೇಳಿ ಹಿರಿಯರ ಅಪ್ಪಣೆ ಪಡೆಯುತ್ತಿದ್ದ. ಆ ಬೇರಿಲ್ಲದೆ ಶಾಲೆಯ ಒಂದು ಪ್ರಬಂಧವೂ ಹುಟ್ಟುತ್ತಿರಲಿಲ್ಲ. ಪ್ರಬಂಧಗಳಲ್ಲಿ ಅದರ ಪ್ರಸ್ತಾಪವೂ ಇರುತ್ತಿರಲಿಲ್ಲ.

ಆ ವರ್ಷ ಹೊಸ ಮುಖ್ಯಸ್ಥೆ ಡಾಕ್ಟರ್ ಹಾರ್ಗ್ರೀವ್ ಅಡಿಲೇಡಿನಿಂದ ಬಂದರು. ಜೊತೆಗೆ ಹೊಸ ಧ್ಯೇಯವೂ ಬಂತು: 'ಸಮುದಾಯದ ಮಾತಿಗೆ ಕಿವಿಗೊಡುವ ವಿಜ್ಞಾನ.' ಪ್ರತಿಯೊಬ್ಬರೂ ತಮ್ಮ ಹುದ್ದೆ ಈ ಧ್ಯೇಯಕ್ಕೆ ಹೇಗೆ ನೆರವಾಗುತ್ತದೆಂದು ಒಂದು ಪುಟದಲ್ಲಿ ಬರೆದುಕೊಡಬೇಕಿತ್ತು. ಎಪರಾಮ ಬರೆದದ್ದು ಒಂದೇ ಸಾಲು: 'ದೋಣಿ ಓಡಿಸುತ್ತೇನೆ.' ನಿವೃತ್ತಿಗೆ ಎರಡು ವರ್ಷವಿರುವಾಗ ಅವನ ಹೆಸರು ರದ್ದಾಗಬೇಕಾದ ಹುದ್ದೆಗಳ ಪಟ್ಟಿ ಸೇರಿತು.

ಹೊಸ ಧ್ಯೇಯಕ್ಕೆ ಒಂದು ನಿದರ್ಶನವೂ ಸಿಕ್ಕಿತ್ತು. ನಮಾತಾಲೆವು ಹಳ್ಳಿಯ ಕಡಲೊಳಗಿನ ದಿಬ್ಬದಲ್ಲಿ ಶಾಲೆಯವರು ಕಬ್ಬಿಣದ ಚೌಕಟ್ಟುಗಳಿಗೆ ಹವಳದ ತುಂಡು ಕಟ್ಟಿ ಇಳಿಬಿಟ್ಟಿದ್ದರು. ಮೀನುಗಳಿಗೆ ಹಳದಿ ಚೀಟಿ ಚುಚ್ಚಿ ಎಣಿಸಿದ್ದರು. ಮೂರೇ ತಿಂಗಳಲ್ಲಿ ಮೀನು ಇಮ್ಮಡಿಯಾಯಿತು. ಆ ಏರಿಕೆಯ ರೇಖಾಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಮೆಟ್ಟಿಲ ಬಳಿ ತೂಗುಹಾಕಲಾಯಿತು. ಶಾಲೆಯ ಪರಿಶೀಲನೆಗೆ ವೆಲಿಂಗ್ಟನ್ನಿನಿಂದ ಪ್ರೊಫೆಸರ್ ಹೂರಿಯಾ ಎಂಬಾಕೆ ಬರುವವರಿದ್ದರು. ಹಳ್ಳಿಯವರೇ ಒಂದು ದಿನ ಗೊತ್ತುಮಾಡಿ, ಅಂದು ಊಟಕ್ಕೆ ಇರಲೇಬೇಕು ಎಂದು ಹೇಳಿಕಳಿಸಿದಾಗ, ಸಹಭಾಗಿತ್ವಕ್ಕೆ ಇದಕ್ಕಿಂತ ಪುರಾವೆ ಬೇಕೇ ಎಂದು ಮುಖ್ಯಸ್ಥೆ ಹಿಗ್ಗಿದರು.

ದೋಣಿ ಹತ್ತುವಾಗ ಅವರು ಎಪರಾಮನನ್ನು ಪಕ್ಕಕ್ಕೆ ಕರೆದರು. "ಇವತ್ತು ಅವರು ಹೇಳಿದ್ದನ್ನ ಚೆನ್ನಾಗಿ ಅನುವಾದ ಮಾಡಿ. ಎಲ್ಲ ಸರಿಯಾಗಿ ಆದ್ರೆ ಆ ಪಟ್ಟಿಯಿಂದ ನಿಮ್ಮ ಹೆಸರು ತೆಗೀತೀನಿ."

"ಚೆನ್ನಾಗಿ ಅಂದ್ರೆ ಹೇಗೆ ಮೇಡಂ?"

"ನಿಮಗೆ ಗೊತ್ತಾಗುತ್ತೆ."

ಎಪರಾಮನಿಗೆ ಗೊತ್ತಾಯಿತು.

ಊರ ಒಡೆಯರ ಪರವಾಗಿ ಮಾತಾಡುವವನು ಸಿರೆಲಿ. ವರಸೆಯಲ್ಲಿ ಎಪರಾಮನಿಗೆ ಭಾವ. ಬೇರಿನ ಕಟ್ಟನ್ನು ಒಪ್ಪಿಸಿಕೊಂಡು, ಅಂಗೈ ಗುಳಿಮಾಡಿ ಚಪ್ಪಾಳೆ ತಟ್ಟಿ, ಅವನು ಊರ ಮಾತಿನಲ್ಲಿ ಸಾವಧಾನವಾಗಿ ಹೇಳಿದ: "ನಮ್ಮ ಹಿರಿಯ ಒಡೆಯರು ತೀರಿಕೊಂಡ್ರು. ಅವರ ಗೌರವಕ್ಕೆ ನೂರು ರಾತ್ರಿ ಕಡಲು ಮುಚ್ಚಿದ್ವಿ. ಒಂದು ಬಲೆ ಬೀಳಲಿಲ್ಲ, ಒಂದು ಗಾಳ ಇಳೀಲಿಲ್ಲ. ಅದಕ್ಕೇ ಮೀನು ತುಂಬಿದೆ. ನಿನ್ನೆಗೆ ನೂರು ಮುಗೀತು. ಇವತ್ತು ಬಲೆ ಹಾಕಿ ಎಲ್ಲಾರಿಗೂ ಊಟ. ನಿಮ್ಮ ಕಬ್ಬಿಣದ ಮಂಚಗಳು ಬಲೆಗೆ ಸಿಕ್ಕಿಕೊಳ್ತಿದ್ವು, ಪಕ್ಕಕ್ಕೆ ಎತ್ತಿಟ್ಟಿದ್ದೀವಿ."

ಎಲ್ಲರೂ ಎಪರಾಮನತ್ತ ನೋಡಿದರು. ಅವನು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದ: "ಮೀನು ಹೆಚ್ಚಾಗಿದ್ದಕ್ಕೆ ಊರಿಗೆ ಸಂತೋಷವಾಗಿದೆಯಂತೆ."

ಸುಳ್ಳೇನೂ ಅಲ್ಲ. ಆದರೆ ಹನ್ನೊಂದು ವರ್ಷ ಹಡಗಿನಲ್ಲಿ ದುಡಿದು ಬಂದ ಸಿರೆಲಿಗೆ ಇಂಗ್ಲಿಷು ಬರುತ್ತಿತ್ತು. ಅವನು ತೊಡೆ ತಟ್ಟಿಕೊಂಡು ನಕ್ಕು ಊರ ಮಾತಿನಲ್ಲೇ ಕೆಣಕಿದ: "ಏನು ಭಾವ, ಇಡೀ ಹಂದಿ ಕೊಟ್ರೆ ಬಾಲ ಮಾತ್ರ ಬಡಿಸ್ತೀಯಲ್ಲ. ಪಟ್ಟಣದ ಸಂಬಳ ನಾಲಿಗೇನ ಗಿಡ್ಡ ಮಾಡುತ್ತಾ?"

"ಸುಮ್ನಿರು ಭಾವ. ನಿನ್ನ ನಾಲಿಗೆ ಉದ್ದ ಇದ್ದಿದ್ದಕ್ಕೇ ಹಡಗಿನಿಂದ ಇಳಿಸಿದ್ದು," ಎಂದ ಎಪರಾಮ. ಸುತ್ತಲಿನ ಹೆಂಗಸರು ನಕ್ಕರು. ಮುಖ್ಯಸ್ಥೆ, ವಿಷಯ ತಿಳಿಯದೆ, ತಾವೂ ನಕ್ಕರು.

ಊಟ ಬಂತು. ಪ್ರೊಫೆಸರ್ ಹೂರಿಯಾ ಅವರ ಮುಂದೆ ತೆಂಗಿನ ಹಾಲಿನಲ್ಲಿ ಬೆಂದ ದೊಡ್ಡ ಮೀನೊಂದು ಬಾಳೆಲೆಯ ಮೇಲೆ ಮಲಗಿತ್ತು. ಅದರ ಬೆನ್ನಿನಿಂದ ಅವರು ಏನನ್ನೋ ಎಳೆದು, ಒರೆಸಿ, ಬೆಳಕಿಗೆ ಹಿಡಿದರು. ಹಳದಿ ಚೀಟಿ, ಅಂಕೆ ನಲವತ್ತೊಂದು. ಬೆಳಿಗ್ಗೆ ನೋಡಿ ಬಂದ ರೇಖಾಚಿತ್ರದಲ್ಲಿ ಎಣಿಕೆಯಾಗಿದ್ದ ಮೀನು ಅದು. ಪಕ್ಕದ ಎಲೆಯಲ್ಲಿ ಹದಿನೇಳು ಇತ್ತು. ಮುಖ್ಯಸ್ಥೆ ಗೆಣಸನ್ನು ಬಹಳ ಗಮನವಿಟ್ಟು ತಿನ್ನತೊಡಗಿದರು.

"ಇವರು ಹೇಳಿದ್ದು ಪೂರ್ತಿ ಏನು?" ಎಂದು ಹೂರಿಯಾ ಎಪರಾಮನನ್ನು ಕೇಳಿದರು.

ಅವನು ಮೊದಲು ಚೀಟಿಯನ್ನು, ಆಮೇಲೆ ಮುಖ್ಯಸ್ಥೆಯನ್ನು, ಕೊನೆಗೆ ಭಾವನನ್ನು ನೋಡಿದ. ಆ ಚಾಪೆಗೆ ಅವನು ಮತ್ತೆ ಬೇರು ತರಬೇಕಿತ್ತು; ಹುದ್ದೆ ಇದ್ದರೂ, ಇರದಿದ್ದರೂ. ಪೂರ್ತಿ ಹೇಳಿದ.

"ನೂರು ರಾತ್ರಿಯ ಸಂಗತಿ ನಿಮ್ಮ ಶಾಲೆಗೆ ಗೊತ್ತಿರಲಿಲ್ಲವಾ?" ಎಂದರು ಹೂರಿಯಾ.

"ಬರೆದಿದ್ದೆ ಮೇಡಂ. ದೋಣಿ ಪುಸ್ತಕದಲ್ಲಿ, ಷರಾ ಕಲಂನಲ್ಲಿ. ಪ್ರತಿ ವಾರ."

ಸುವಾಕ್ಕೆ ಮರಳಿದ ಮೇಲೆ ಪುಸ್ತಕ ತರಿಸಿ ನೋಡಿದರು. ಹದಿನಾಲ್ಕು ವಾರಗಳ ಷರಾ ಒಂದೇ ಆಗಿತ್ತು: 'ಒಡೆಯರು ತೀರಿಕೊಂಡಿದ್ದಾರೆ. ಕಡಲು ಮುಚ್ಚಿದೆ.' ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ಷರಾ ಕಲಮನ್ನು ಬಿಡುವುದು ಶಾಲೆಯ ಸಂಪ್ರದಾಯ, ಅದು ಅಂಕಿಯಲ್ಲವಲ್ಲ.

ಪರಿಶೀಲನೆಯ ವರದಿ ಆ ರೇಖಾಚಿತ್ರವನ್ನು ಇಳಿಸಿತು, ಎಪರಾಮನ ಹುದ್ದೆಯನ್ನು ಉಳಿಸಿತು. ಶಾಲೆ ತನ್ನ ಧ್ಯೇಯಕ್ಕೆ 'ಪಾರಂಪರಿಕ ಜ್ಞಾನ' ಎಂಬ ಮಾತು ಸೇರಿಸಿಕೊಂಡಿತು. 'ನೂರು ರಾತ್ರಿಗಳ ವಿಧಾನ' ಎಂಬ ಪ್ರಬಂಧವೂ ಹೊರಬಂತು. ಬರೆದವರು ಆರು ಮಂದಿ, ಎಪರಾಮನಿಗೆ ಕೊನೆಯಲ್ಲಿ ಕೃತಜ್ಞತೆ, ದೋಣಿಗಾಗಿ.

ಉಳಿದ ಹುದ್ದೆಗೆ ಹೊಸ ಹೆಸರಿನ ಜೊತೆ ವಾರ್ಷಿಕ ಗುರಿಪತ್ರವೂ ಬಂತು. ಅದರಲ್ಲಿ ಒಂದು ಪ್ರಶ್ನೆ: ಮುಂದಿನ ವರ್ಷ ನಮಾತಾಲೆವುವಿನಲ್ಲಿ ನಿರೀಕ್ಷಿಸಬಹುದಾದ ಕಡಲ ಮುಚ್ಚುವಿಕೆಗಳ ಸಂಖ್ಯೆ ಎಷ್ಟು?

ಎಪರಾಮ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟ. ಪೆನ್ನಿನ ತುದಿಯನ್ನು ಮೆಲ್ಲಗೆ ಬಲಗಡೆಯ ಷರಾ ಕಲಂಗೆ ಒಯ್ದು, ಹಳೆಯ ದುಂಡು ಅಕ್ಷರಗಳಲ್ಲಿ ಬರೆದ: 'ಹೊಸ ಒಡೆಯರ ಆರೋಗ್ಯ ಚೆನ್ನಾಗಿದೆ.'