ಸೊಪ್ಪಿನ ಹೊತ್ತಿನ ಮಾತ್ರೆ

ನಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ರೇಷ್ಮೆ ಹುಳುವಿಗೆ ಮರ್ಯಾದೆ ಜಾಸ್ತಿ. ಬೈರಕೂರಿನ ಆಚೆ ನಮ್ಮದೊಂದು ಹಿಪ್ಪುನೇರಳೆ ತೋಟ, ಅದರ ಪಕ್ಕದಲ್ಲೇ ಹುಳುವಿನ ಮನೆ. ಬೆಳಿಗ್ಗೆ ಸೊಪ್ಪು, ಮಧ್ಯಾಹ್ನ ಸೊಪ್ಪು, ಸಂಜೆ ಸೊಪ್ಪು. ನಮ್ಮ ಊಟ, ನೆಂಟರ ಉಪಚಾರ, ಗಂಡ ಹೆಂಡಿರ ಜಗಳ ಎಲ್ಲವೂ ಆ ಹೊತ್ತುಗಳ ನಡುವೆ ಎಲ್ಲಾದರೂ ತೂರಿಕೊಳ್ಳಬೇಕು. ಹಾಗಾಗಿ ನನ್ನ ಸೊಸೆ ತನ್ನ ಮಾತ್ರೆಯನ್ನೂ ಸಂಜೆ ಸೊಪ್ಪಿನ ಹೊತ್ತಿಗೆ ಗಂಟು ಹಾಕಿಕೊಂಡಿದ್ದಳು.

ಅದು ಮಕ್ಕಳಾಗದಂತೆ ತೆಗೆದುಕೊಳ್ಳುವ ಮಾತ್ರೆ. ಅವಳ ಮೊದಲ ಹೆರಿಗೆ ಆಪರೇಷನ್ನಿನಲ್ಲಿ ಆಗಿತ್ತು. ಮಗುವಿಗೆ ಆಗಷ್ಟೇ ವರ್ಷ ತುಂಬಿ ಗೋಡೆ ಹಿಡಿದು ನಡೆಯುತ್ತಿತ್ತು. ಹೊಟ್ಟೆಯ ಹೊಲಿಗೆ ಗಟ್ಟಿಯಾಗಲಿ, ಇನ್ನೊಂದಕ್ಕೆ ಆತುರ ಬೇಡ ಎಂದು ಮುಳಬಾಗಿಲಿನ ಡಾಕ್ಟರಮ್ಮ ದಿನಕ್ಕೊಂದು ನುಂಗಲು ಬರೆದುಕೊಟ್ಟಿದ್ದರು. ಸೊಸೆ ಆ ಮಾತ್ರೆಯ ಪಟ್ಟಿಯನ್ನು ಹುಳುವಿನ ಮನೆಯ ಬಾಗಿಲ ಹಿಂದೆ, ಮೊಳೆಗೆ ನೇತುಹಾಕಿದ ಕವರಿನಲ್ಲಿ ಇಟ್ಟಿದ್ದಳು. ಅತ್ತೆಗೆ ಗೊತ್ತಿಲ್ಲ ಎಂದು ಅವಳ ಎಣಿಕೆ. ಆ ಮನೆಯಲ್ಲಿ ನನಗೆ ಗೊತ್ತಿಲ್ಲದ ಮೊಳೆ ಒಂದೂ ಇಲ್ಲ. ಆದರೂ ಏನೂ ಅರಿಯದವಳ ಹಾಗೆ ಸೊಪ್ಪು ಹರಡುತ್ತಿದ್ದೆ.

ತೊಂದರೆ ಏನೆಂದರೆ, ಹುಳು ಪ್ರತಿದಿನ ಸೊಪ್ಪು ತಿನ್ನುವುದಿಲ್ಲ. ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು ಒಂದು ದಿನ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಜ್ವರದ ದಿನ ಸೊಪ್ಪಿಲ್ಲ, ಸೊಪ್ಪಿಲ್ಲದ ಸಂಜೆ ಸೊಸೆ ಆ ಕಡೆ ಹೋಗುವುದಿಲ್ಲ, ಹೋಗದಿದ್ದರೆ ಮಾತ್ರೆಯ ನೆನಪಿಲ್ಲ. ಮಾರನೆಯ ದಿನ ಬೆಳಿಗ್ಗೆ ಕವರು ಕಂಡಾಗ "ಅಯ್ಯೋ" ಎಂದು ನುಂಗುತ್ತಿದ್ದಳು. ಹೀಗೇ ಸಾಗಿತ್ತು.

ಆ ಸಲ ಹುಳು ಬಹಳ ಚೆನ್ನಾಗಿ ಬಂದಿತ್ತು. ಹಣ್ಣಾಗಿ ಗೂಡು ಕಟ್ಟಲು ತಯಾರಾದರೆ ಸೊಪ್ಪು ಪೂರ್ತಿ ನಿಲ್ಲುತ್ತದೆ. ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡಬೇಕು. ಮದುವೆ ಮನೆಯ ಗದ್ದಲ ಅದರ ಮುಂದೆ ಏನೂ ಅಲ್ಲ. ಸೊಸೆ ಮೂರು ದಿನವೂ ಅದೇ ಬಾಗಿಲಲ್ಲಿ ಓಡಾಡಿದಳು, ಮೊಳೆಯ ಕಡೆ ಮಾತ್ರ ತಿರುಗಲಿಲ್ಲ. ಕೊನೆಯ ಹುಳುವೂ ಚಂದ್ರಿಕೆ ಹತ್ತಿದ ಸಂಜೆ ನನ್ನ ಮಗ ತಲೆಗೆ ಸ್ನಾನ ಮಾಡಿ, ಮುಳಬಾಗಿಲಿಗೆ ಹೋಗಿ ಒಂದು ಮೊಳ ಮಲ್ಲಿಗೆ ತಂದ. ನನಗೆ ಮಬ್ಬಾಗಿರುವುದು ಕಣ್ಣು, ಮೂಗಲ್ಲ.

ಮಾರನೆಯ ದಿನ ಸೊಸೆ ಹುಳುವಿನ ಮನೆ ಗುಡಿಸಲು ಹೋದವಳು ಕವರು ಹಿಡಿದುಕೊಂಡು ಓಡಿ ಬಂದಳು. ಮುಖ ಸುಣ್ಣದ ಹಾಗೆ ಆಗಿತ್ತು.

"ಅತ್ತೆ, ಒಂದು ಮಾತು ಹೇಳ್ತೀನಿ. ಬೈಬಾರ್ದು."

"ಮಾತ್ರೆ ಮರ್ತ್ಯಾ?"

"ನಿಮಗೆ ಹೆಂಗೆ ಗೊತ್ತು?"

"ಅದು ಆಮೇಲೆ. ಎಷ್ಟು ಮರ್ತೆ?"

"ಹೊಸ ಪಟ್ಟಿ ಈಗ ಶುರು ಮಾಡಿದ್ದೆ. ಮೂರು ದಿನದ್ದು ಹಂಗೇ ಐತೆ." ಹೇಳುತ್ತಲೇ ಮೂರನ್ನೂ ಅಂಗೈಗೆ ಒತ್ತಿಕೊಂಡಳು. "ಮೂರೂ ಒಟ್ಟಿಗೆ ನುಂಗ್ಬಿಡ್ಲಾ?"

"ಲೇ, ಜ್ವರದಿಂದ ಎದ್ದ ಹುಳಕ್ಕೆ ಮೂರು ಹೊತ್ತಿನ ಸೊಪ್ಪು ಒಂದೇ ಸಲ ಸುರೀತೀಯಾ? ಇಡು ಕೆಳಗೆ. ಡಾಕ್ಟರಮ್ಮನ್ನ ಕೇಳೋಣ, ನಡಿ."

ಅವಳು ಕೂತುಬಿಟ್ಟಳು. "ಈಗೇನಾದ್ರೂ ಬಸ್ರು ನಿಂತ್ಬಿಟ್ರೆ ಏನ್ಮಾಡ್ಲಿ ಅತ್ತೆ? ಇನ್ನೂ ಬಿಂದಿಗೆ ಎತ್ತಿದ್ರೆ ಹೊಲಿಗೆ ಚುರ್ ಅಂತದೆ. ಇನ್ನೊಂದು ಬೇಡ ಅಂತಲ್ಲ. ಈಗ ಬೇಡ."

ಆ ಮಾತು ನನ್ನ ಎದೆಗೆ ನಾಟಿತು. ಮಗುವನ್ನು ಮಗನ ತೋಳಿಗೆ ಹಾಕಿ, ಇಬ್ಬರೂ ಬಸ್ಸು ಹತ್ತಿದೆವು.

ಆಸ್ಪತ್ರೆಯ ಸಾಲಿನಲ್ಲಿ ನಮ್ಮ ಮುಂದೆಯೇ ಊರಿನವಳೊಬ್ಬಳು ನಿಂತಿದ್ದಳು. ಮನೆಯಲ್ಲಿ ತೆಲುಗು ಆಡುವವಳು, ನನ್ನನ್ನು ಅತ್ತಿಗೆ ಎನ್ನುವ ಬದಲು ವದಿನಾ ಎಂದೇ ಕರೆಯುವವಳು. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಹಾಲಿನ ಡೈರಿಯಲ್ಲಿ ಇರುತ್ತದೆ. ಸೊಸೆ ಸೆರಗಿನಲ್ಲಿ ಕವರು ಮುಚ್ಚಿಕೊಂಡಳು.

"ಏಮಿ ವದಿನಾ, ಅತ್ತೆ ಸೊಸೆ ಇಬ್ರೂ ಬಂದವ್ರೆ! ಯಾರಿಗೆ ಉಸಾರಿಲ್ಲ?" ಕಣ್ಣು ಸೊಸೆಯ ಹೊಟ್ಟೆಯ ಮೇಲೆ.

"ನನಗೇ ಕಣೇ."

"ಏನಾಯ್ತು?"

"ಮಕ್ಕಳಾಗದ ಮಾತ್ರೆ ತಗೊಳ್ತಿದ್ದೆ. ಮೂರು ದಿನ ಮರ್ತುಬಿಟ್ಟೆ. ಅದಕ್ಕೇ ಭಯ."

ಅವಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ಪಕ್ಕದ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟು ನಗತೊಡಗಿದರು. "ದೇವುಡಾ! ನಿನ್ನ ಬಾಯಿಗೆ ಬೀಗ ಇಲ್ಲ ವದಿನಾ" ಎಂದು ಅವಳೂ ನಕ್ಕು, ನನ್ನ ಮೊಣಕಾಲು ನೋವಿನ ಬಗ್ಗೆ ವಿಚಾರಿಸಿ ಸುಮ್ಮನಾದಳು. ಹಾಲಿನ ಡೈರಿಗೆ ಅಂದು ಹೋದದ್ದು ನನ್ನ ಬಾಯಿಯ ಸುದ್ದಿ ಮಾತ್ರ.

ಒಳಗೆ ಡಾಕ್ಟರಮ್ಮ ಪಟ್ಟಿ ನೋಡಿ ನನ್ನ ಕಡೆ ತಿರುಗಿದರು. "ಅಜ್ಜಿ ಸ್ವಲ್ಪ ಹೊರಗಿರ್ತೀರಾ?"

"ಇರ್ಲಿ ಮೇಡಂ," ಎಂದಳು ಸೊಸೆ. "ನಮ್ಮತ್ತೆಗೆ ನನಗಿಂತ ಮುಂಚೆ ಗೊತ್ತಾಗ್ತದೆ."

"ಸರಿ. ಈ ಮೂರು ದಿನದಲ್ಲಿ ಗಂಡನ ಜೊತೆ ಸೇರಿದ್ರಾ?"

"ಹುಳ ಹಣ್ಣಾದಾಗ ಯಾರಿಗೆ ಮೇಡಂ ಪುರಸೊತ್ತು?" ಎಂದವಳು, ನೆಲ ನೋಡುತ್ತಾ ಮೆಲ್ಲಗೆ ಸೇರಿಸಿದಳು: "ಹತ್ತಿಸಿ ಮುಗಿದ ಮೇಲೆ… ನಿನ್ನೆ."

"ಮಲ್ಲಿಗೆ ತಂದಿದ್ದ," ಎಂದೆ ನಾನು.

"ಅತ್ತೆ!"

ಡಾಕ್ಟರಮ್ಮ ನಗು ತಡೆದುಕೊಂಡು ವಿವರಿಸಿದರು. ಒಂದು ಮಾತ್ರೆ ಮರೆತರೆ ನೆನಪಾದ ತಕ್ಷಣ ನುಂಗಿ, ಆ ದಿನದ್ದನ್ನು ಅದರ ಹೊತ್ತಿಗೇ ನುಂಗಿದರೆ ಸಾಕಂತೆ. ಎರಡು ಮೂರು ಸಾಲಾಗಿ ಬಿಟ್ಟುಹೋದರೆ, ಅದೂ ಪಟ್ಟಿಯ ಶುರುವಿನಲ್ಲಿ ಬಿಟ್ಟುಹೋದರೆ, ಬಸಿರು ನಿಲ್ಲುವ ಸಂಭವ ಇದೆಯಂತೆ. "ಇಂಥ ಹೊತ್ತಿಗೇ ಅಂತ ಬೇರೆ ಮಾತ್ರೆ ಇದೆ. ಬೇಗ ತಗೊಂಡಷ್ಟೂ ಒಳ್ಳೇದು, ಇಲ್ಲೇ ನುಂಗಿ. ಇವತ್ತಿಂದ ಪಟ್ಟಿ ಮಾತ್ರೆ ದಿನಕ್ಕೊಂದು ಮುಂದುವರಿಸಿ. ಒಂದು ವಾರ ಗಂಡನಿಗೆ ನಿರೋಧ್ ಹಾಕ್ಕೊಳ್ಳೋಕೆ ಹೇಳಿ. ಮೂರು ವಾರ ಕಳೆದ್ರೂ ಮುಟ್ಟಾಗದಿದ್ರೆ ಬನ್ನಿ, ಪರೀಕ್ಷೆ ಮಾಡೋಣ. ನೂರಕ್ಕೆ ನೂರು ಏನೂ ಆಗಲ್ಲ ಅಂತ ಮಾತ್ರ ನಾನು ಹೇಳಲ್ಲ."

ಸೊಸೆ ಮಾತ್ರೆ ನುಂಗಿ ಕಣ್ಣೊರೆಸಿಕೊಂಡಳು. "ಇದರ ಸವಾಸನೇ ಬೇಡ ಮೇಡಂ, ಪೂರ್ತಿ ನಿಲ್ಲಿಸ್ಬಿಡ್ತೀನಿ. ಇಷ್ಟು ದಿನ ತಿಂದಿದ್ದು ಮೈಯಲ್ಲೇ ಇರ್ತದಲ್ಲ? ಇನ್ನೊಂದು ವರ್ಷ ತಾನಾಗೇ ತಡೀತದೆ ಅಂತ ನಮ್ಮಕ್ಕ ಅಂತಿದ್ಲು."

"ಅಯ್ಯೋ, ಆ ಮಾತು ನಂಬ್ಕೊಂಡು ಬಸುರಿಯಾಗಿ ಬಂದವ್ರು ಎಷ್ಟು ಜನ ಗೊತ್ತಾ? ಮೈಯಲ್ಲಿ ಏನೂ ಉಳಿಯಲ್ಲಮ್ಮ. ಇವತ್ತು ನಿಲ್ಲಿಸಿದ್ರೆ ಮುಂದಿನ ಮುಟ್ಟು ಕಾಣೋ ಮುಂಚೆನೇ ಬಸಿರು ನಿಲ್ಲಬಹುದು."

"ಹಂಗಾದ್ರೆ ಮುಂದೆ ಬೇಕು ಅಂದಾಗ ಆಗ್ತದಾ? ಮಾತ್ರೆ ತಿಂದ್ರೆ ಗರ್ಭ ಒಣಗ್ತದೆ ಅಂತಾರೆ."

"ಒಣಗೋದಕ್ಕೆ ಅದೇನು ಕೆರೇನಾ? ಬೇಕಾದಾಗ ನಿಲ್ಲಿಸಿ. ಕೆಲವ್ರಿಗೆ ತಿಂಗಳಲ್ಲೇ ಆಗುತ್ತೆ, ಕೆಲವ್ರಿಗೆ ಸ್ವಲ್ಪ ತಡ. ಮಾತ್ರೆಯಿಂದ ಬಂಜೆ ಆಗಲ್ಲ." ಆಮೇಲೆ, ದಿನಾ ಯಾವಾಗ ನುಂಗುತ್ತೀರಿ ಎಂದು ಕೇಳಿದರು. ಸೊಪ್ಪಿನ ಕತೆ ಹೇಳಿದಾಗ ಪೆನ್ನು ಕೆಳಗಿಟ್ಟು ನಕ್ಕರು. "ಜ್ವರ ಬಂದ್ರೂ ಬಿಡದೇ ಇರೋ ಕೆಲಸ ಯಾವುದಾದ್ರೂ ಇಲ್ವಾ?"

"ರಾತ್ರಿ ಊಟ," ಎಂದೆ. "ಅದನ್ನ ಇವಳು ಪ್ರಳಯ ಆದ್ರೂ ಬಿಡಲ್ಲ."

ಮನೆಗೆ ಬಂದು ಡಾಕ್ಟರಮ್ಮ ಕೊಟ್ಟ ನಿರೋಧಿನ ಪೊಟ್ಟಣವನ್ನು ಮಗನ ಕೈಗೆ ನಾನೇ ಕೊಟ್ಟೆ. "ತಗೊಳ್ಳೋ. ನಿನಗೂ ಔಷಧಿ ಕೊಟ್ಟವ್ರೆ." ಅವನು ನೋಡಿದ, ಕಿವಿ ಕೆಂಪಾಯಿತು, "ಅಮ್ಮಾ, ನೀನು ಸುಮ್ನೆ ಒಳಗೆ ಹೋಗು" ಎಂದು ತಾನೇ ತೋಟದ ಕಡೆಗೆ ಓಡಿದ.

ಆಗ ನಾನು ಫೋನಿನಲ್ಲಿ ಅಕ್ಷರ ಒತ್ತುವುದನ್ನು ಹೊಸದಾಗಿ ಕಲಿಯುತ್ತಿದ್ದೆ. ಕಲಿಸಿದವಳು ಸೊಸೆಯೇ. ದಿನಾ ಊಟವಾದ ಮೇಲೆ ಪಕ್ಕದ ಕೋಣೆಯಿಂದ ಅವಳಿಗೆ "ತಿಂದ್ಯಾ" ಎಂದು ಕಳಿಸುತ್ತಿದ್ದೆ. ಅವಳು "ತಿಂದೆ" ಎಂದು ಕಳಿಸುತ್ತಿದ್ದಳು. ಕೂಗಿದರೆ ಕೇಳಿಸುವಷ್ಟು ಹತ್ತಿರ ಇದ್ದೆವು, ಆದರೆ ಈ ವಿಷಯ ಕೂಗುವಂಥದ್ದಲ್ಲವಲ್ಲ.

ಗೂಡು ಮಾರಿ ಬಂದೆವು, ಹೊಸ ಹುಳು ತಂದೆವು. ಬಾಯಲ್ಲಿ ನಗುತ್ತಿದ್ದರೂ ಸೊಸೆಯ ಕೈ ಆಗಾಗ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಹಿತ್ತಿಲಲ್ಲಿ ವಾಂತಿ ಮಾಡಿಕೊಂಡಳು. ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಮಗ ಹಲ್ಲುಜ್ಜುತ್ತಿದ್ದವನು ನೊರೆ ಉಗುಳುವುದನ್ನೇ ಮರೆತ.

"ಏನಮ್ಮಣ್ಣಿ?" ಎಂದೆ.

"ಏನೋ ಗೊತ್ತಿಲ್ಲ ಅತ್ತೆ. ನಿನ್ನೆ ಶ್ರೀನಿವಾಸಪುರದ ನೆಂಟರು ತಂದ ಮಾವಿನಹಣ್ಣು ಇರ್ಬೇಕು."

"ಎಷ್ಟು ತಿಂದೆ?"

"ನೀವು ಮಲಗಿದ ಮೇಲೆ ಬುಟ್ಟಿಯಲ್ಲಿ ಉಳಿದಿದ್ದೆಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾವಿನ ಹಣ್ಣೇ ಕಾರಣವಾಗಲಿ ಎಂದು ಮಾವಿನ ಮರಕ್ಕೆ ಕೈಮುಗಿದೆ. ಸೊಸೆ ಮಾತ್ರ ಅಂದು ದಿನವಿಡೀ ಸಪ್ಪಗಿದ್ದಳು. "ಆಗಿದ್ರೆ ಆಗ್ಲಿ ಬಿಡು. ಡಾಕ್ಟರಮ್ಮ ಅವ್ರೆ, ನಾನಿದ್ದೀನಿ, ಬಿಂದಿಗೆ ನಿನ್ನ ಗಂಡ ಎತ್ತಲಿ" ಎಂದೆ. ತಲೆಯಾಡಿಸಿದಳು, ಆದರೆ ಮುಖ ಅರಳಲಿಲ್ಲ.

ಅದಾದ ಕೆಲವು ದಿನಕ್ಕೆ ಸಂಜೆ ಸೊಪ್ಪು ಕೊಯ್ದು ತಂದು ಹುಳುವಿನ ಮನೆಯ ಬಾಗಿಲಲ್ಲಿ ಇಳಿಸಿ ಆಗಿತ್ತು. ಮಗ ಒಳಗಿದ್ದ. ಸೊಸೆ ಹಿತ್ತಿಲಿಂದ ಬಂದವಳು ಹೊಸಲಿನ ಆಚೆಯೇ ನಿಂತಳು.

"ಬಾರೇ, ಹುಳ ಕಾಯ್ತಾವೆ," ಎಂದ ಮಗ.

"ನಾನು ಒಳಗೆ ಬರೋ ಹಂಗಿಲ್ಲ."

ಮುಟ್ಟಾದವರು ಹುಳುವಿನ ಮನೆಗೆ ಕಾಲಿಡಬಾರದೆಂಬ ಪದ್ಧತಿ ನಮ್ಮಲ್ಲಿದೆ. ಅದರಿಂದ ಹುಳುವಿಗೆ ಏನಾಗುತ್ತದೆಂದು ಹುಳು ನನಗೆ ಯಾವತ್ತೂ ಹೇಳಿಲ್ಲ. ಆದರೆ ಆ ಸಂಜೆ ಆ ಒಂದು ಮಾತಿಗೆ ನನ್ನ ಮಗ ಹೊರೆಸೊಪ್ಪು ಹೆಗಲಿಗೇರಿಸಿಕೊಂಡು ಕುಣಿದೇ ಬಿಟ್ಟ.

"ನಿಜವಾಗ್ಲೂ?"

"ಹೂಂ ಕಣ್ರೀ!" ಸೊಸೆ ನಗುತ್ತಾ ಅಳುತ್ತಾ ನನ್ನ ಕೈ ಹಿಡಿದುಕೊಂಡಳು. "ಅತ್ತೆ, ಹೊಟ್ಟೆನೋವು ಇಷ್ಟು ಚೆನ್ನಾಗಿರ್ತದೆ ಅಂತ ಗೊತ್ತಿರ್ಲಿಲ್ಲ."

"ಹಂಗಾದ್ರೆ ರಜ. ಕೂತ್ಕೋ," ಎಂದೆ. ಜಗಲಿಯ ಮೇಲೆ ಅವಳಿಗೆ ಚಾಪೆ ಹಾಕಿ, ಮಗುವನ್ನು ಮಡಿಲಿಗೆ ಕೊಟ್ಟು, ಶುಂಠಿ ಹಾಕಿದ ಕಾಫಿ ತಂದಿಟ್ಟೆ. ಒಳಗೆ ಮಗ ಒಬ್ಬನೇ ಸೊಪ್ಪು ಹರಡುತ್ತಿದ್ದ. ಬೇರೆ ದಿನವಾಗಿದ್ದರೆ ಒಂದು ತಟ್ಟೆ ಮುಗಿಸುವಷ್ಟರಲ್ಲಿ ಸೊಂಟ ಹಿಡಿದುಕೊಂಡು "ಅಮ್ಮಾ" ಎನ್ನುತ್ತಿದ್ದ. ಅಂದು ತಟ್ಟೆಯ ಮೇಲೆ ತಟ್ಟೆ ಮುಗಿಸಿದ, ತಾಳ ತಪ್ಪಿದ ಯಾವುದೋ ಹಾಡು ಹಾಡುತ್ತಾ. ಸೊಸೆ ಅದನ್ನು ಕೇಳಿಸಿಕೊಳ್ಳುತ್ತಾ, ಆತುರವೇ ಇಲ್ಲದೆ, ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದಳು.